‘ಯಾಕೆ’ ಎಂದು ಕೇಳಿದರೆ ಈಮಾನ್ ಹೋಗುತ್ತದೆಯೇ?

ಪ್ರಶ್ನೆ: ಉಸ್ತಾದರೇ, ಅಸ್ಸಲಾಮು ಅಲೈಕುಮ್. ನನಗೆ 34 ವರ್ಷ. ಎರಡು ತಿಂಗಳ ಹಿಂದೆ ನನ್ನ ಗಂಡ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅವರದೇನೂ ತಪ್ಪಿರಲಿಲ್ಲ, ಎದುರಿಂದ ಬಂದ ಲಾರಿ ಗುದ್ದಿತು. ಇಬ್ಬರು ಚಿಕ್ಕ ಮಕ್ಕಳಿದ್ದಾರೆ. ಐದು ಹೊತ್ತಿನ ನಮಾಝ್ ಬಿಡದ, ಯಾರಿಗೂ ಕೆಟ್ಟದ್ದು ಬಯಸದ ಮನುಷ್ಯನಿಗೆ ಯಾಕೆ ಹೀಗಾಯಿತು ಎಂದು ಕೇಳಿದರೆ, ‘ಅಲ್ಲಾಹನ ತೀರ್ಮಾನ, ಪ್ರಶ್ನೆ ಮಾಡಬೇಡ, ಈಮಾನ್ (ನಂಬಿಕೆ) ಹೋಗುತ್ತದೆ’ ಎನ್ನುತ್ತಾರೆ. ಒಬ್ಬರಂತೂ ಮನೆ ಕಟ್ಟಲು ಬಡ್ಡಿ ಸಾಲ ತೆಗೆದದ್ದಕ್ಕೆ ಸಿಕ್ಕಿದ ಶಿಕ್ಷೆ ಎಂದರು. ಈಗ ಇದ್ದತ್‌ನಲ್ಲಿ, ಅಂದರೆ ಗಂಡ ತೀರಿಕೊಂಡ ಮೇಲೆ ಕಾಯಬೇಕಾದ ಅವಧಿಯಲ್ಲಿ ಇದ್ದೇನೆ. ಗರ್ಭಿಣಿಯಲ್ಲ ಎಂದು ಡಾಕ್ಟರ್ ಒಂದೇ ದಿನದಲ್ಲಿ ಹೇಳಿದರು. ಮತ್ತೆ 4 ತಿಂಗಳು 10 ದಿನ ಯಾಕೆ? ಕನ್ನಡಿ ನೋಡಬಾರದು, ಆಕಾಶ ನೋಡಬಾರದು ಅನ್ನುತ್ತಾರೆ. ಮಗಳ ಶಾಲೆಗೆ ಹೋಗಿ ಒಂದು ಸಹಿ ಹಾಕಿ ಬರಲೂ ಬಿಡುವುದಿಲ್ಲ. ಪರಿಹಾರಕ್ಕೆ ಕೇಸ್ ಹಾಕುವುದೂ ತಕ್ದೀರ್‌ಗೆ (ವಿಧಿಗೆ) ವಿರುದ್ಧವಂತೆ. ಅರ್ಥವೇ ಆಗದ್ದನ್ನು ನಂಬುವುದು ಹೇಗೆ, ಹೇಳಿ.

ಉತ್ತರ: ವಅಲೈಕುಮುಸ್ಸಲಾಮ್ ಸಹೋದರಿ. ಅಲ್ಲಾಹನು ನಿಮ್ಮವರನ್ನು ಕ್ಷಮಿಸಿ ಅವರ ಕಬರನ್ನು ವಿಶಾಲ ಮಾಡಲಿ. ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಅದರಲ್ಲಿ ಎರಡು ಪ್ರಶ್ನೆಗಳು ಹೆಣೆದುಕೊಂಡಿವೆ. ಒಂದು, ಅಲ್ಲಾಹನು ಮಾಡಿದ ತೀರ್ಮಾನ. ಇನ್ನೊಂದು, ಅವನು ಕೊಟ್ಟ ಆಜ್ಞೆ. ಅರಬಿಯಲ್ಲಿ ಎರಡಕ್ಕೂ ‘ಹುಕ್ಮ್’ ಎಂದೇ ಹೇಳುತ್ತಾರೆ. ವಿವೇಕಕ್ಕೆ ಹೇಳುವ ‘ಹಿಕ್ಮತ್’ ಕೂಡ ಅದೇ ಧಾತುವಿನಿಂದ ಬಂದದ್ದು. ಆದರೆ ಈ ಎರಡರ ಜೊತೆಗೆ ಮೂರನೆಯದೊಂದು ನಿಮ್ಮ ತಲೆಯ ಮೇಲೆ ಬಂದು ಕೂತಿದೆ. ಅದು ಜನರ ಮಾತು. ಅಲ್ಲಾಹನ ಹೆಸರು ಹಾಕಿಕೊಂಡು ಬಂದ ಜನರ ಮಾತು. ಅದನ್ನು ಬೇರೆ ಮಾಡಿ ಇಡುವುದು ನನ್ನ ಮೊದಲ ಕೆಲಸ.

‘ಯಾಕೆ’ ಎಂದು ಕೇಳಿದರೆ ಈಮಾನ್ ಹೋಗುವುದಿಲ್ಲ. ಮನುಷ್ಯನನ್ನು ಭೂಮಿಯಲ್ಲಿ ನೇಮಿಸುತ್ತೇನೆ ಎಂದು ಅಲ್ಲಾಹನು ಹೇಳಿದಾಗ ಮಲಕ್‌ಗಳೇ (ದೇವದೂತರೇ) ಕೇಳಿದರು: ಅಲ್ಲಿ ಕೆಡುಕು ಮಾಡುವ, ರಕ್ತ ಹರಿಸುವ ಒಬ್ಬನನ್ನು ಇಡುವೆಯಾ? ಅವನು ಅವರನ್ನು ಓಡಿಸಲಿಲ್ಲ. ನಿಮಗೆ ತಿಳಿಯದ್ದು ನನಗೆ ತಿಳಿದಿದೆ ಎಂದ. ಪ್ರವಾದಿ ಇಬ್ರಾಹೀಮ್(ಅ) ಕೇಳಿದರು: ಸತ್ತವರನ್ನು ಹೇಗೆ ಎಬ್ಬಿಸುತ್ತೀ, ತೋರಿಸು. ನಿನಗೆ ನಂಬಿಕೆಯಿಲ್ಲವೇ ಎಂದು ಅಲ್ಲಾಹನು ಕೇಳಿದ. ‘ನಂಬಿಕೆಯಿದೆ, ಆದರೆ ನನ್ನ ಮನಸ್ಸಿಗೆ ಸಮಾಧಾನ ಆಗಬೇಕು’ ಎಂದರು. ಆಗ ನಾಲ್ಕು ಹಕ್ಕಿಗಳನ್ನು ಹಿಡಿದು ತರಲು ಅವರಿಗೆ ಹೇಳಲಾಯಿತು. ನಂಬಿಕೆ ಇದ್ದೂ ಮನಸ್ಸು ತಳಮಳಿಸಬಹುದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾ? ಕುರ್‌ಆನ್‌ನಲ್ಲಿ ದಂಡನೆಗೆ ಗುರಿಯಾದವನು ಇಬ್ಲೀಸ್ (ಸೈತಾನ). ಅವನು ತಿಳಿಯಬೇಕೆಂದು ಕೇಳಲೇ ಇಲ್ಲ. ಮೊದಲ ಮನುಷ್ಯ ಆದಮರಿಗೆ ಬಾಗಲು ಒಪ್ಪದೆ ‘ನಾನು ಅವನಿಗಿಂತ ಮೇಲು’ ಎಂದು ತೀರ್ಪು ಕೊಟ್ಟ. ತಿಳಿಯಬೇಕೆಂದು ಕೇಳುವುದು ಒಂದು, ನ್ಯಾಯಾಧೀಶನ ಕುರ್ಚಿಯಲ್ಲಿ ಕೂತು ಮಾತಾಡುವುದು ಇನ್ನೊಂದು. ನೀವು ಅಳುತ್ತಾ ಕೇಳಿದ್ದು ಮೊದಲನೆಯದು.

ಇನ್ನು ಆ ಬಡ್ಡಿ ಸಾಲದ ಮಾತು. ಬಡ್ಡಿ ನಿಷಿದ್ಧ, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಂಥವರು ಇಂಥ ಕಾರಣಕ್ಕೇ ಸತ್ತರು ಎಂದು ಹೇಳುವ ಅಧಿಕಾರ ಯಾರಿಗಿದೆ? ಪ್ರವಾದಿ ಮುಹಮ್ಮದ್(ಸ) ಅವರ ಮಗ ಇಬ್ರಾಹೀಮ್ ಹಿಜರಿ 10ರಲ್ಲಿ, ಎರಡು ವರ್ಷವೂ ತುಂಬುವ ಮೊದಲೇ ತೀರಿಕೊಂಡ. ಪ್ರವಾದಿಯವರು ಮಗುವನ್ನು ಎತ್ತಿಕೊಂಡು ಅತ್ತರು. ‘ತಾವೂ ಅಳುವುದೇ?’ ಎಂದು ಅಬ್ದುರ್ರಹ್ಮಾನ್ ಬಿನ್ ಔಫ್(ರ) ಕೇಳಿದಾಗ, ಇದು ಕರುಣೆ ಎಂದರು. ಕಣ್ಣು ಹನಿಯುತ್ತದೆ, ಹೃದಯ ನೋಯುತ್ತದೆ, ಆದರೆ ನಮ್ಮ ಪ್ರಭುವಿಗೆ ಇಷ್ಟವಾಗುವ ಮಾತನ್ನೇ ನಾವು ಆಡುತ್ತೇವೆ ಎಂದರು. ಅದೇ ದಿನ ಸೂರ್ಯಗ್ರಹಣ ಆಯಿತು. ಪ್ರವಾದಿಯ ಮಗ ಸತ್ತದ್ದಕ್ಕೇ ಸೂರ್ಯ ಕಪ್ಪಾಗಿದ್ದಾನೆ ಎಂದು ಮದೀನಾದ ಜನ ಮಾತಾಡಿಕೊಂಡರು. ದುಃಖದಲ್ಲಿದ್ದ ತಂದೆ ಸುಮ್ಮನಿದ್ದುಬಿಡಬಹುದಿತ್ತು. ಆದರೆ ಅವರು ಎದ್ದು ನಿಂತು ಹೇಳಿದರು: ಸೂರ್ಯ ಚಂದ್ರರು ಅಲ್ಲಾಹನ ಎರಡು ದೃಷ್ಟಾಂತಗಳು, ಯಾರ ಸಾವಿಗಾಗಿಯೂ ಯಾರ ಹುಟ್ಟಿಗಾಗಿಯೂ ಅವಕ್ಕೆ ಗ್ರಹಣ ಹಿಡಿಯುವುದಿಲ್ಲ.

ಈ ಹದೀಸ್ (ಪ್ರವಾದಿಯವರ ನಡೆನುಡಿಯ ವರದಿ) ನನ್ನನ್ನು ಎಷ್ಟೋ ಸಲ ತಡೆದು ನಿಲ್ಲಿಸಿದೆ. ತಮ್ಮ ಸ್ವಂತ ಮಗುವಿನ ಸಾವಿನಲ್ಲೂ ಇಲ್ಲದ ಅರ್ಥವನ್ನು ಹುಡುಕಲು ಅವರು ಬಿಡಲಿಲ್ಲ. ಸಾವಿನ ಮನೆಗೆ ಬಂದು ‘ಇದು ಇದಕ್ಕೇ ಆಯಿತು’ ಎನ್ನುವವರು ಅಲ್ಲಾಹನನ್ನು ನಂಬಿದವರ ಹಾಗೆ ಕಾಣುತ್ತಾರೆ. ನಿಜವಾಗಿ ಅವರು ತಮಗೆ ಗೊತ್ತಿಲ್ಲದ್ದನ್ನು ಗೊತ್ತಿದೆ ಎನ್ನುತ್ತಿದ್ದಾರೆ. ನಂಬಿಕೆ ಅಂದರೆ ಕಾರಣ ಗೊತ್ತಿರುವುದಲ್ಲ. ಕಾರಣ ಗೊತ್ತಿಲ್ಲ ಎಂದು ಒಪ್ಪಿಕೊಂಡು, ತೀರ್ಮಾನ ಮಾಡಿದವನು ಎಂಥವನು ಎಂಬುದನ್ನು ನೆನಪಿನಲ್ಲಿ ಇಟ್ಟುಕೊಳ್ಳುವುದು.

ಇದನ್ನು ಕಲಿಸಲೆಂದೇ ಕುರ್‌ಆನ್‌ನಲ್ಲಿ ಒಂದು ಪ್ರಯಾಣದ ಕಥೆ ಇದೆ. ಅದು ನಿಮಗೆ ಹೊಸದಲ್ಲ. ಸೂರಃ ಅಲ್ ಕಹ್ಫ್‌ನ 60ರಿಂದ 82ನೇ ವಚನದವರೆಗೆ, ಪ್ರತಿ ಶುಕ್ರವಾರ ಎಷ್ಟೋ ಮನೆಗಳಲ್ಲಿ ಓದುವ ಭಾಗ. ಹದೀಸ್‌ನ ವಿವರದಂತೆ, ಪ್ರವಾದಿ ಮೂಸಾ(ಅ) ಜನರಿಗೆ ಉಪದೇಶ ಮಾಡುತ್ತಿದ್ದಾಗ ಒಬ್ಬ ಕೇಳಿದ: ಎಲ್ಲರಿಗಿಂತ ಜಾಸ್ತಿ ತಿಳಿದವರು ಯಾರು? ನಾನು ಎಂದರು ಮೂಸಾ(ಅ). ಅಲ್ಲಾಹನಿಗೇ ಹೆಚ್ಚು ಗೊತ್ತು ಎನ್ನಬೇಕಿತ್ತು. ಆಗ ಅಲ್ಲಾಹನು, ಎರಡು ಸಮುದ್ರಗಳು ಕೂಡುವಲ್ಲಿ ನನ್ನ ಒಬ್ಬ ದಾಸನಿದ್ದಾನೆ, ನಿನಗೆ ತಿಳಿಯದ್ದು ಅವನಿಗೆ ತಿಳಿದಿದೆ ಎಂದ. ಬುಟ್ಟಿಯಲ್ಲಿ ಒಂದು ಮೀನು ಹಾಕಿಕೊಂಡು ಮೂಸಾ(ಅ) ಹೊರಟರು. ಮೀನು ಎಲ್ಲಿ ತಪ್ಪಿಹೋಗುತ್ತದೋ ಅಲ್ಲೇ ಅವರು ಸಿಗುತ್ತಾರೆ ಎಂಬ ಗುರುತು. ಹಾಗೆ ಸಿಕ್ಕವರು ಖಿಝ್ರ್(ಅ).

ಖಿಝ್ರ್ ಮೊದಲೇ ಹೇಳಿಬಿಟ್ಟರು: ನನ್ನ ಜೊತೆ ನಿನಗೆ ತಾಳ್ಮೆಯಿಂದ ಇರಲು ಆಗುವುದಿಲ್ಲ. ನಿನ್ನ ತಿಳಿವಿಗೆ ಸಿಗದ ವಿಷಯದಲ್ಲಿ ತಾಳ್ಮೆ ಹೇಗೆ ತಂದುಕೊಳ್ಳುತ್ತೀ? ನೋಡಿ ಸಹೋದರಿ, ಇದು ಬೈಗುಳವಲ್ಲ. ಅರ್ಥವಾಗದ್ದನ್ನು ಸಹಿಸುವುದು ಒಬ್ಬ ದೊಡ್ಡ ಪ್ರವಾದಿಗೂ ಕಷ್ಟ ಎಂದು ಕುರ್‌ಆನ್ ತಾನೇ ಹೇಳುತ್ತಿದೆ. ‘ಇಷ್ಟೂ ಸಬ್ರ್ ಇಲ್ಲವಾ’ ಎಂದು ನಿಮಗೆ ಹೇಳುವವರು ಈ ವಚನವನ್ನು ನಿಧಾನವಾಗಿ ಓದಬೇಕು.

ದೋಣಿಯವರು ಖಿಝ್ರ್‌ರ ಗುರುತು ಹಿಡಿದು, ಬಾಡಿಗೆ ತೆಗೆದುಕೊಳ್ಳದೆ ಇಬ್ಬರನ್ನೂ ಹತ್ತಿಸಿಕೊಂಡರು. ಖಿಝ್ರ್ ಅದೇ ದೋಣಿಯ ಒಂದು ಹಲಗೆ ಕಿತ್ತರು. ಮೂಸಾ(ಅ) ತಡೆಯಲಾರದೆ ಕೇಳಿದರು: ಇವರನ್ನು ಮುಳುಗಿಸಲು ತೂತು ಮಾಡಿದಿರಾ? ನಾನು ಕರಾವಳಿಯವನು. ಹಲಗೆ ಬದಲಿಸಲು ಮರದ ದೋಣಿಯನ್ನು ದಡಕ್ಕೆ ಎಳೆದದ್ದನ್ನು ಚಿಕ್ಕಂದಿನಲ್ಲಿ ನೋಡಿದ್ದೇನೆ. ಆಚಾರಿ ಉಳಿ ಇಟ್ಟು ಹೊಡೆದು ಹಲಗೆಯನ್ನು ಈಚೆಗೆ ಎಳೆಯುತ್ತಾನೆ. ಒಳಗಿನ ಕತ್ತಲೆ ಕಾಣುತ್ತದೆ, ಹಳೇ ಎಣ್ಣೆಯ ವಾಸನೆ ಬರುತ್ತದೆ. ದೋಣಿ ಇನ್ನು ಕೆಟ್ಟಿತು ಎಂದು ಹೆದರಿದ್ದೆ. ಸಂಜೆಯ ಹೊತ್ತಿಗೆ ಹೊಸ ಹಲಗೆ ಕೂತಿತ್ತು. ಕಥೆಯಲ್ಲೂ ಹಾಗೆಯೇ. ಒಳ್ಳೆಯ ದೋಣಿಗಳನ್ನೆಲ್ಲ ಬಲವಂತವಾಗಿ ಕಿತ್ತುಕೊಳ್ಳುವ ಒಬ್ಬ ಅರಸ ಮುಂದೆ ಇದ್ದ. ದೋಣಿ ದುಡಿದು ತಿನ್ನುವ ಬಡವರದು. ಕೆಟ್ಟ ದೋಣಿ ಅಂತ ಅರಸನ ಕಡೆಯವರು ಅದನ್ನು ಬಿಟ್ಟು ಹೋದರು. ಆಮೇಲೆ ಮರ ಹೊಡೆದು ಸರಿಮಾಡಿಕೊಂಡರು ಎಂದು ಹದೀಸ್‌ನಲ್ಲಿದೆ.

ಎರಡನೆಯದು ಹುಡುಗನ ಸಾವು. ಖಿಝ್ರ್ ಒಬ್ಬ ಹುಡುಗನನ್ನು ಕೊಂದರು. ಏನೂ ತಪ್ಪು ಮಾಡದ ಜೀವವನ್ನು ತೆಗೆದಿರಲ್ಲ ಎಂದು ಮೂಸಾ(ಅ) ಕೂಗಿದರು. ಆ ಹುಡುಗ ಬೆಳೆದು ತಂದೆತಾಯಿಯನ್ನು ಧಿಕ್ಕಾರಕ್ಕೂ ನಿರಾಕರಣೆಗೂ ಎಳೆಯುವವನಿದ್ದ, ಅವನ ಬದಲಿಗೆ ಅವರಿಗೆ ಇನ್ನೂ ಒಳ್ಳೆಯ, ಹೆಚ್ಚು ಮಮತೆಯ ಮಗುವನ್ನು ಅವರ ಪ್ರಭು ಕೊಡಲಿ ಎಂದು ಬಯಸಲಾಯಿತು ಎನ್ನುವುದು ಉತ್ತರ. ಈ ಭಾಗ ಓದುವಾಗ ನನಗೆ ಈಗಲೂ ಎದೆ ಭಾರವಾಗುತ್ತದೆ. ಅದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ಮೂಸಾ(ಅ) ಕೂಗಿದ್ದು ತಪ್ಪು ಎಂದು ಅಲ್ಲಾಹನು ಎಲ್ಲೂ ಹೇಳಿಲ್ಲ ಎಂಬುದನ್ನೂ ಗಮನಿಸಿ. ಅವರಿಗೆ ಕೊಟ್ಟ ಶರೀಅತ್‌ನ ಪ್ರಕಾರ ಕೂಗಲೇಬೇಕಿತ್ತು.

ಮೂರನೆಯದು ಗೋಡೆ. ಊಟ ಕೇಳಿದರೂ ಕೊಡದ ಊರಿನಲ್ಲಿ, ಬೀಳುವಂತಿದ್ದ ಗೋಡೆಯೊಂದನ್ನು ಖಿಝ್ರ್ ಕೂಲಿಯಿಲ್ಲದೆ ನೆಟ್ಟಗೆ ನಿಲ್ಲಿಸಿದರು. ಅದರ ಕೆಳಗೆ ಇಬ್ಬರು ಅನಾಥ ಹುಡುಗರ ನಿಧಿ ಇತ್ತು. ಅವರ ತಂದೆ ಒಳ್ಳೆಯವನಾಗಿದ್ದ. ಮಕ್ಕಳು ಪ್ರಾಯಕ್ಕೆ ಬಂದು ಅದನ್ನು ತೆಗೆದುಕೊಳ್ಳಲಿ ಎಂಬುದು ಅಲ್ಲಾಹನ ಇಚ್ಛೆ. ಇಲ್ಲಿ ಸ್ವಲ್ಪ ನಿಲ್ಲಿ. ತಂದೆ ಸತ್ತಿದ್ದಾನೆ, ಮಕ್ಕಳು ಚಿಕ್ಕವರು. ಆದರೂ ಅವನ ಒಳ್ಳೆಯತನ ಸಾಯಲಿಲ್ಲ. ಅವನ ಮಕ್ಕಳ ಪಾಲು ಕಾಯಲು ಅಲ್ಲಾಹನು ಒಬ್ಬ ದಾಸನನ್ನು ಅಷ್ಟು ದೂರದಿಂದ ಕಳಿಸಿದ. ನಿಮ್ಮ ಮನೆಯ ವಿಷಯವನ್ನು ನಾನು ಊಹಿಸಿ ಹೇಳಲಾರೆ. ಆದರೆ ಈ ವಚನ ಕುರ್‌ಆನ್‌ನಲ್ಲಿದೆ, ಅನಾಥರ ತಾಯಿ ಅದನ್ನು ತನ್ನದೆಂದು ಹಿಡಿದುಕೊಳ್ಳಬಹುದು.

ಈಗ ನಾನು ನಿಮಗೆ ಮುಖ್ಯವಾಗಿ ಹೇಳಬೇಕೆಂದಿರುವುದು. ದೋಣಿಯ ಬಡವರಿಗೆ ಕಾರಣ ತಿಳಿಯಲು ಎಷ್ಟು ಹೊತ್ತು ಬೇಕಾಯಿತು? ಅರಸನ ಜನ ದಾಟಿ ಹೋಗುವಷ್ಟು ಹೊತ್ತು. ಆ ಅನಾಥ ಹುಡುಗರಿಗೆ? ವರ್ಷಗಟ್ಟಲೆ. ಮಗನನ್ನು ಕಳೆದುಕೊಂಡ ತಂದೆತಾಯಿಗೆ? ಅವರಿಗೆ ಯಾರಾದರೂ ಬಂದು ವಿವರಿಸಿದರು ಎಂದು ಕುರ್‌ಆನ್ ಹೇಳುವುದಿಲ್ಲ. ವಿವರಣೆ ಸಿಕ್ಕಿದ್ದು ಮೂಸಾರಿಗೆ, ಅವರ ಮೂಲಕ ನಮಗೆ. ಆ ತಾಯಿ ಈ ಲೋಕದಲ್ಲಿ ಇದ್ದಷ್ಟು ಕಾಲ ‘ಯಾಕೆ’ ಎಂದೇ ಅತ್ತಿರಬಹುದು. ಅಲ್ಲಾಹನ ತೀರ್ಮಾನಗಳು ಮೂರು ಬಗೆ: ಬೇಗ ತಿಳಿಯುವವು, ತಡವಾಗಿ ತಿಳಿಯುವವು, ಇಲ್ಲಿ ತಿಳಿಯದೇ ಉಳಿಯುವವು. ನಿಮ್ಮದು ಯಾವುದು ಎಂದು ನನಗೆ ಗೊತ್ತಿಲ್ಲ. ಮೂರನೆಯದೇ ಆದರೂ ಅದರ ಹಿಂದೆ ಇದ್ದ ಕರುಣೆ ಕಡಿಮೆಯದ್ದಲ್ಲ. ಅದನ್ನು ನಾನು ನಂಬುತ್ತೇನೆ. ದೋಣಿ ಮತ್ತು ಗೋಡೆಯ ವಿಷಯದಲ್ಲಿ ಕಂಡ ಅಲ್ಲಾಹನೇ ಆ ತಾಯಿಯ ವಿಷಯದಲ್ಲೂ ಇದ್ದ.

ದೋಣಿಯಲ್ಲಿ ಕೂತಿದ್ದಾಗ ಒಂದು ಗುಬ್ಬಿ ಬಂದು ಅಂಚಿನ ಮೇಲೆ ಕೂತು ಕೊಕ್ಕನ್ನು ಸಮುದ್ರಕ್ಕೆ ಅದ್ದಿತು. ಖಿಝ್ರ್ ಹೇಳಿದರು: ಈ ಗುಬ್ಬಿ ಸಮುದ್ರದಿಂದ ತೆಗೆದುಕೊಂಡಷ್ಟು ನೀರು, ಅಲ್ಲಾಹನ ಜ್ಞಾನದ ಮುಂದೆ ನನ್ನ ಮತ್ತು ನಿನ್ನ ಜ್ಞಾನ ಅಷ್ಟೇ. ಬುಖಾರಿ ಎಂಬ ಹದೀಸ್ ಸಂಗ್ರಹದಲ್ಲಿರುವ ಮಾತು ಇದು. ನೋಡಿ, ಖಿಝ್ರ್ ತನ್ನನ್ನೂ ಗುಬ್ಬಿಯ ಲೆಕ್ಕಕ್ಕೆ ಸೇರಿಸಿಕೊಂಡರು. ಅವರ ಮಾತಿನ ಇನ್ನೊಂದು ನಯವನ್ನು ತಫ್ಸೀರ್‌ನವರು (ಕುರ್‌ಆನ್ ವ್ಯಾಖ್ಯಾನಕಾರರು) ತೋರಿಸುತ್ತಾರೆ. ದೋಣಿಯ ಬಗ್ಗೆ ‘ಅದನ್ನು ಕೆಡಿಸಲು ನಾನು ಬಯಸಿದೆ’ ಎಂದರು. ಗೋಡೆಯ ಬಗ್ಗೆ ‘ನಿನ್ನ ಪ್ರಭು ಬಯಸಿದ’ ಎಂದರು. ಕೊರತೆಯನ್ನು ತನ್ನ ಮೇಲೆ ಹಾಕಿಕೊಂಡು ಒಳಿತನ್ನು ಅಲ್ಲಾಹನಿಗೆ ಸೇರಿಸಿದರು. ಎಲ್ಲವೂ ಅವನ ಆಜ್ಞೆಯಿಂದಲೇ ಆದದ್ದು ಎಂದು ಕೊನೆಯಲ್ಲಿ ಹೇಳಿದರೂ, ಮಾತಿನಲ್ಲಿ ಅದಬ್ (ವಿನಯ) ಬಿಡಲಿಲ್ಲ.

ಈ ಕಥೆಯನ್ನು ಕೆಲವರು ತಪ್ಪು ದಾರಿಗೂ ಬಳಸುತ್ತಾರೆ. ಅಲ್ಲಾಹನ ಗುಟ್ಟು ನಮಗೆ ಗೊತ್ತು, ಹಾಗಾಗಿ ನಾವು ಮಾಡಿದ್ದು ಸರಿ ಎನ್ನುವವರಿದ್ದಾರೆ. ಹಿಂದೆ ಖಾರಿಜಿಗಳೆಂಬ ಬಂಡಾಯ ಪಂಗಡದ ನಾಯಕ ನಜ್ದಾ ಎಂಬವನು ಯುದ್ಧದಲ್ಲಿ ಮಕ್ಕಳನ್ನು ಕೊಲ್ಲಬಹುದೇ ಎಂದು ಪ್ರವಾದಿಯವರ ಸಂಗಾತಿ ಇಬ್ನ್ ಅಬ್ಬಾಸ್(ರ) ಅವರಿಗೆ ಪತ್ರ ಬರೆದ. ಪ್ರವಾದಿಯವರು ಮಕ್ಕಳನ್ನು ಕೊಲ್ಲುತ್ತಿರಲಿಲ್ಲ, ನೀನೂ ಕೊಲ್ಲಬೇಡ, ಆ ಹುಡುಗನ ಬಗ್ಗೆ ಖಿಝ್ರ್‌ಗೆ ಗೊತ್ತಿದ್ದದ್ದು ನಿನಗೆ ಗೊತ್ತಿದ್ದರೆ ಮಾತ್ರ ಬೇರೆ ಮಾತು ಎಂದು ಉತ್ತರ ಬಂತು. ಅಂದರೆ ಬಾಗಿಲು ಮುಚ್ಚಿದೆ ಎಂದರ್ಥ. ನಮಗೆ ಕೊಟ್ಟಿರುವುದು ಮೂಸಾರ ದಾರಿ, ಅಂದರೆ ಕಣ್ಣಿಗೆ ಕಾಣುವ ನ್ಯಾಯ.

ಅದೇ ಕಾರಣಕ್ಕೆ ಪರಿಹಾರದ ಕೇಸ್ ಹಾಕಿ. ಹಿಜರಿ 18ರ ಹೊತ್ತಿಗೆ ಶಾಮ್ (ಸಿರಿಯಾ ಸುತ್ತಲಿನ) ದೇಶದಲ್ಲಿ ಪ್ಲೇಗ್ ಹಬ್ಬಿತ್ತು. ಖಲೀಫಾ ಉಮರ್(ರ) ಸರ್ಗ್ ಎಂಬಲ್ಲಿಗೆ ತಲುಪಿ, ಸುದ್ದಿ ಕೇಳಿ, ಜನರೊಂದಿಗೆ ವಾಪಸು ಹೊರಟರು. ‘ಅಲ್ಲಾಹನ ವಿಧಿಯಿಂದ ಓಡುತ್ತೀರಾ?’ ಎಂದು ಅಬೂ ಉಬೈದಾ(ರ) ಕೇಳಿದರು. ಹೌದು, ಅಲ್ಲಾಹನ ಒಂದು ವಿಧಿಯಿಂದ ಅವನ ಇನ್ನೊಂದು ವಿಧಿಗೆ ಹೋಗುತ್ತಿದ್ದೇವೆ ಎಂದರು ಉಮರ್(ರ). ಒಂದು ಬದಿ ಹಸಿರು, ಇನ್ನೊಂದು ಬದಿ ಒಣಗಿರುವ ಕಣಿವೆಗೆ ನಿನ್ನ ಒಂಟೆಗಳು ಬಂದರೆ ಎಲ್ಲಿ ಮೇಯಿಸಿದರೂ ಅದು ಅಲ್ಲಾಹನ ವಿಧಿಯೇ ಅಲ್ಲವೇ ಎಂದು ಕೇಳಿದರು. ಲಾರಿಯವನ ತಪ್ಪಿಗೆ ಕಾನೂನಿನಲ್ಲಿ ಪರಿಹಾರ ಇರುವುದೂ ಅದೇ ತಕ್ದೀರ್‌ನ ಭಾಗ. ಅದು ನಿಮ್ಮ ಅನಾಥ ಮಕ್ಕಳ ಹಕ್ಕು. ಅರ್ಜಿಗೆ ಕಾಲಮಿತಿ ಇರುತ್ತದೆ, ಇದ್ದತ್ ಮುಗಿಯಲಿ ಎಂದು ಕಾಯಬೇಡಿ. ಅಣ್ಣನೋ ತಮ್ಮನೋ ಇದ್ದರೆ ಈ ವಾರವೇ ವಕೀಲರನ್ನು ನೋಡಿ ಬರಲಿ.

ಇನ್ನು ಆಜ್ಞೆಯ ವಿಷಯ. 14ನೇ ಶತಮಾನದಲ್ಲಿ ಗ್ರಾನಡಾದಲ್ಲಿದ್ದ ಇಮಾಮ್ ಶಾತಿಬಿ ಒಂದು ಸೂತ್ರ ಹಾಕಿಕೊಟ್ಟಿದ್ದಾರೆ. ವ್ಯಾಪಾರ, ವ್ಯವಹಾರಗಳ ಆಜ್ಞೆಗಳಲ್ಲಿ ಉದ್ದೇಶ ಹುಡುಕುವುದೇ ಮೂಲ ನಿಯಮ. ಇಬಾದತ್‌ನಲ್ಲಿ (ಆರಾಧನೆಯಲ್ಲಿ) ಹೇಳಿದಂತೆ ಮಾಡುವುದೇ ಮೂಲ ನಿಯಮ. ಮಗ್ರಿಬ್ (ಸಂಜೆಯ ನಮಾಝ್) ಯಾಕೆ ಮೂರೇ ರಕಅತ್ (ಸುತ್ತು) ಎಂದರೆ ಯಾವ ಆಲಿಮರ (ವಿದ್ವಾಂಸರ) ಬಳಿಯೂ ಉತ್ತರವಿಲ್ಲ. ಧರ್ಮ ನಮ್ಮ ಅಭಿಪ್ರಾಯದ ಮೇಲೆ ನಿಂತಿದ್ದರೆ ನಮಾಝ್‌ಗೆ ಮುಂಚಿನ ಶುದ್ಧೀಕರಣದಲ್ಲಿ ಚರ್ಮದ ಕಾಲುಚೀಲದ ಮೇಲ್ಭಾಗಕ್ಕಿಂತ ತಳವನ್ನೇ ಒರೆಸಬೇಕಿತ್ತು, ಆದರೆ ಪ್ರವಾದಿಯವರು ಮೇಲ್ಭಾಗ ಒರೆಸುವುದನ್ನು ನಾನು ಕಂಡಿದ್ದೇನೆ ಎಂದು ಅಲೀ(ರ) ಹೇಳಿದ್ದು ಅಬೂ ದಾವೂದ್ ಹದೀಸ್ ಸಂಗ್ರಹದಲ್ಲಿದೆ.

ಇದ್ದತ್‌ನಲ್ಲಿ ಎರಡೂ ಬೆರೆತಿವೆ. ಗರ್ಭದ ಖಾತ್ರಿ ಅದರ ಒಂದು ಭಾಗ ಮಾತ್ರ. ನಿಕಾಹ್ ಆಗಿ, ಗಂಡನ ಜೊತೆ ಒಂದು ದಿನವೂ ಸಂಸಾರ ಮಾಡದೆ ವಿಧವೆಯಾದವಳಿಗೂ 4 ತಿಂಗಳು 10 ದಿನದ ಇದ್ದತ್ ಇದೆ. ಅದೇ ಸ್ಥಿತಿಯಲ್ಲಿ ತಲಾಕ್ ಆದವಳಿಗೆ ಇದ್ದತ್ ಇಲ್ಲವೇ ಇಲ್ಲ. ಬರೀ ಗರ್ಭದ ಪ್ರಶ್ನೆಯಾಗಿದ್ದರೆ ಈ ವ್ಯತ್ಯಾಸ ಬರುತ್ತಿರಲಿಲ್ಲ. ಹಾಗಾಗಿ ಡಾಕ್ಟರ್ ರಿಪೋರ್ಟ್‌ನಿಂದ ಇದ್ದತ್ ಮುಗಿಯುವುದಿಲ್ಲ. ಪತಿಯ ಮೇಲಿನ ಗೌರವ, ದುಃಖಕ್ಕೆ ಒಂದು ಅಳತೆ, ಹೆಣ್ಣಿಗೆ ಒಂದು ರಕ್ಷಣೆ ಎಂದು ಆಲಿಮರು ಹಲವು ಹಿಕ್ಮತ್‌ಗಳನ್ನು ಹೇಳುತ್ತಾರೆ. ಇಸ್ಲಾಮಿಗೆ ಮೊದಲು ಅರಬ್ ವಿಧವೆ ಒಂದು ವರ್ಷ ಒಂದು ಸಣ್ಣ ಗುಡಿಸಲಿನಲ್ಲಿ, ಅತ್ಯಂತ ಕೆಟ್ಟ ಬಟ್ಟೆಯಲ್ಲಿ, ಸುಗಂಧ ಮುಟ್ಟದೆ ಕೂತಿರಬೇಕಿತ್ತು ಎಂದು ಬುಖಾರಿಯಲ್ಲಿದೆ. ಅದನ್ನು ತೆಗೆದುಹಾಕಿ ಈ ಅವಧಿ ಬಂತು. ಆದರೆ 4 ತಿಂಗಳು 10 ದಿನವೇ ಯಾಕೆ, ಬರೀ 4 ತಿಂಗಳು ಯಾಕಲ್ಲ ಎಂದರೆ ನನ್ನ ಬಳಿ ಉತ್ತರವಿಲ್ಲ. ಅಲ್ಲಿ ನಾನೂ ಗುಬ್ಬಿಯೇ.

ನನ್ನ ಅಬ್ಬ ತೀರಿಕೊಂಡಾಗ ಉಮ್ಮ ಒಳಕೋಣೆಯ ಕಿಟಕಿಯ ಹತ್ತಿರ ಕೂತಿರುತ್ತಿದ್ದರು. ಅಬ್ಬನ ಕನ್ನಡಕವನ್ನು ಸೆರಗಿನಲ್ಲಿ ಒರೆಸಿ ಮತ್ತೆ ಡಬ್ಬಿಯಲ್ಲಿ ಇಡುತ್ತಿದ್ದರು. ದಿನಕ್ಕೆ ಎಷ್ಟು ಸಲವೋ. ಇದ್ದತ್ ಮುಗಿದ ದಿನ ಸ್ನಾನ ಮಾಡಿ ಬಂದು ನನಗೆ ಒಂದು ಮಾತು ಹೇಳಿದರು: ಇಷ್ಟು ದಿನ ಯಾರೂ ನನ್ನನ್ನು ಅವಸರ ಮಾಡಲಿಲ್ಲ ಮಗಾ. ಅದೇ ಆಜ್ಞೆಯ ಕಾರಣ ಎಂದು ನಾನು ಹೇಳುವುದಿಲ್ಲ. ಆಜ್ಞೆಯ ಒಳಗೆ ಇದ್ದವರಿಗೆ ಕಂಡದ್ದು ಅದು.

ಆದರೆ ಕನ್ನಡಿ ನೋಡಬಾರದು, ಆಕಾಶ ನೋಡಬಾರದು ಎಂಬುದು ಕುರ್‌ಆನ್‌ನಲ್ಲೂ ಇಲ್ಲ, ಹದೀಸ್‌ನಲ್ಲೂ ಇಲ್ಲ. ಅವು ಜನರ ಕಟ್ಟಳೆಗಳು, ನೀವು ಅವಕ್ಕೆ ಬಾಧ್ಯರಲ್ಲ. ಇದ್ದತ್‌ನಲ್ಲಿ ಇರುವುದು ಇಷ್ಟು: ಗಂಡನ ಮನೆಯಲ್ಲೇ ವಾಸ, ಅಲಂಕಾರ, ಸುಗಂಧ, ಸುರ್ಮಾ ಬೇಡ, ಮರುಮದುವೆಯ ಮಾತುಕತೆ ಬೇಡ. ಸ್ನಾನ ಮಾಡಿ, ತಲೆ ಬಾಚಿ, ಅಂಗಳಕ್ಕೆ ಬನ್ನಿ, ಫೋನ್‌ನಲ್ಲಿ ಮಾತಾಡಿ. ಅಗತ್ಯವಿದ್ದರೆ ವಿಧವೆ ಹಗಲಲ್ಲಿ ಹೊರಗೆ ಹೋಗಿ ಬರಬಹುದು, ರಾತ್ರಿ ಮನೆಯಲ್ಲೇ ಇರಬೇಕು. ನೀವು ಶಾಫಿಯಾಗಿರಿ ಹನಫಿಯಾಗಿರಿ, ನಾಲ್ಕೂ ಮದ್‌ಹಬ್‌ಗಳಲ್ಲಿ (ಕರ್ಮಶಾಸ್ತ್ರ ಪಂಥಗಳಲ್ಲಿ) ಇದಕ್ಕೆ ಅವಕಾಶವಿದೆ.

ಉಮ್ಮು ಸಲಮಾ(ರ) ಅವರ ಬಗ್ಗೆ ಒಂದು ಮಾತು ಹೇಳದಿದ್ದರೆ ಈ ಉತ್ತರ ಪೂರ್ತಿಯಾಗುವುದಿಲ್ಲ. ಅವರ ಪತಿ ಅಬೂ ಸಲಮಾ ಉಹುದ್ ಯುದ್ಧದ ಗಾಯ ಮರುಕಳಿಸಿ ತೀರಿಕೊಂಡರು. ಮನೆ ತುಂಬಾ ಚಿಕ್ಕ ಮಕ್ಕಳು. ಪ್ರವಾದಿಯವರು ಕಲಿಸಿದ ದುಆವನ್ನು ಅವರು ಹೇಳಬೇಕಿತ್ತು: ಅಲ್ಲಾಹನೇ, ಈ ಕಷ್ಟದಲ್ಲಿ ನನಗೆ ಪ್ರತಿಫಲ ಕೊಡು, ಇದಕ್ಕಿಂತ ಒಳ್ಳೆಯದನ್ನು ಇದರ ಬದಲಿಗೆ ಕೊಡು. ಅಬೂ ಸಲಮಾರಿಗಿಂತ ಒಳ್ಳೆಯವರು ಯಾರಿದ್ದಾರೆ ಎಂದು ತನ್ನೊಳಗೆ ಅಂದುಕೊಂಡದ್ದನ್ನು ಅವರೇ ಹೇಳಿದ್ದಾರೆ. ಆದರೂ ದುಆ ಹೇಳಿದರು. ಆಮೇಲೆ ಅವರು ಪ್ರವಾದಿಯವರ ಪತ್ನಿಯಾದರು ಎಂಬುದು ನಿಮಗೆ ಗೊತ್ತು. ನಾನು ಅದಕ್ಕಾಗಿ ಇದನ್ನು ಹೇಳುತ್ತಿಲ್ಲ. ಒಳಗಿನ ಪ್ರಶ್ನೆ ಮತ್ತು ಬಾಯಿಯ ದುಆ ಒಂದೇ ಹೆಣ್ಣಿನಲ್ಲಿ, ಒಂದೇ ಗಳಿಗೆಯಲ್ಲಿ ಇದ್ದವು. ಅವರನ್ನು ನಾವು ವಿಶ್ವಾಸಿಗಳ ತಾಯಿ ಎನ್ನುತ್ತೇವೆ. ನಿಮಗೂ ಪ್ರಶ್ನೆ ಬಂದಾಗ ಅದನ್ನು ಒತ್ತಿ ಹಿಡಿಯಬೇಡಿ, ಮುಸಲ್ಲಾದ (ನಮಾಝ್ ಚಾಪೆಯ) ಮೇಲೆ ಕೂತು ಅವನಿಗೇ ಹೇಳಿ.

ಇದ್ದತ್‌ನ ಲೆಕ್ಕ ಮರಣದ ದಿನದಿಂದ, ಚಾಂದ್ರಮಾನ ತಿಂಗಳುಗಳಲ್ಲಿ. ಮರಣ ತಿಂಗಳ ನಡುವೆ ಆಗಿದ್ದರೆ ಮದ್‌ಹಬ್‌ಗಳ ಲೆಕ್ಕದಲ್ಲಿ ಒಂದೆರಡು ದಿನ ಹೆಚ್ಚುಕಡಿಮೆ ಬರುತ್ತದೆ, ನಿಮ್ಮ ಮಸೀದಿಯ ಖತೀಬರಿಗೆ ತಾರೀಕು ಕೊಟ್ಟು ಮುಗಿಯುವ ದಿನವನ್ನು ಬರೆಸಿಕೊಳ್ಳಿ. ಯಾರಾದರೂ ತಡೆದರೆ ಈ ಉತ್ತರವನ್ನು ತೋರಿಸಿ. ಮತ್ತೆ ಮಗಳ ಶಾಲೆಯ ಸಹಿ. ಅದಕ್ಕೆ ಯಾರ ಒಪ್ಪಿಗೆಯೂ ಬೇಕಿಲ್ಲ, ನಾಳೆ ಬೆಳಿಗ್ಗೆಯೇ ಮಗಳ ಕೈ ಹಿಡಿದುಕೊಂಡು ಹೋಗಿ ಬನ್ನಿ.